ತೊಳೆದ ಡಬ್ಬಿ ಸರಿ, ಆದರೆ ಯಾವ ಎಣ್ಣೆಯದು?

ಪ್ರಶ್ನೆ: ಮೇಡಂ, ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಕಾಲುವೆ ನೀರಿಗೆ ಭತ್ತ, ಮೇಲಿನ ಹೊಲದಲ್ಲಿ ಹತ್ತಿ. ನಮ್ಮ ಅತ್ತೆಯವರು ಖಾಲಿಯಾದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಬಿಸಾಡುವವರಲ್ಲ. ನೀರಿನ ಬಾಟಲಿ, ಐದು ಲೀಟರಿನ ಎಣ್ಣೆ ಕ್ಯಾನು, ಐಸ್‌ಕ್ರೀಮ್ ಡಬ್ಬಿ, ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಬಕೆಟ್, ಹೊಲದಿಂದ ಬಂದ ಎಣ್ಣೆ ಡಬ್ಬಿ, ಎಲ್ಲವನ್ನೂ ತೊಳೆದು ಒಣಗಿಸಿ ಒಂದೊಂದು ಕೆಲಸಕ್ಕೆ ಹಚ್ಚುತ್ತಾರೆ. ಒಂದು ಬಚ್ಚಲಲ್ಲಿ ಚೆಂಬಾಗಿದೆ, ಇನ್ನೊಂದು ದನಕ್ಕೆ ಹಿಂಡಿ ಅಳೆಯಲು. ಬಿಸಿಲಿಗೆ ಕಾದ ಬಾಟಲಿಯ ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆ, ಡಬ್ಬಿಯ ತಳದ ತ್ರಿಕೋನದಲ್ಲಿರುವ ನಂಬರ್ ನೋಡಿಯೇ ಬಳಸಬೇಕು ಎಂದು ಮೊಬೈಲಿಗೆ ಮೇಲಿಂದ ಮೇಲೆ ಬರುತ್ತಿದೆ. ನನ್ನ ಮಗನಿಗೆ ನಾಲ್ಕು ವರ್ಷ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಡುತ್ತಾನೆ. ಎಲ್ಲವನ್ನೂ ಗುಜರಿಗೆ ಹಾಕಿಬಿಡಲೇ? ಅತ್ತೆಯವರಿಗೆ ಹೇಳುವುದು ಹೇಗೆ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೆದರಿರುವುದು ಬಿಸಿಲಿನ ಬಾಟಲಿಗೆ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. "ಹೊಲದಿಂದ ಬಂದ ಎಣ್ಣೆ ಡಬ್ಬಿ" ಎಂದು ಬರೆದಿದ್ದೀರಲ್ಲ, ಆ ಸಾಲಿನಲ್ಲಿ.

ನಮ್ಮ ಕಡೆ ಅಡುಗೆಗೆ ಹಾಕುವುದೂ ಎಣ್ಣೆ, ಬೆಳೆಗೆ ಹೊಡೆಯುವ ಕೀಟನಾಶಕವೂ ಎಣ್ಣೆ. "ಹತ್ತಿಗೆ ಎಣ್ಣಿ ಹೊಡದು ಬಂದ್ವಿ" ಅಂದರೆ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಾತಿನಲ್ಲಿ ಅಡ್ಡಿಯಿಲ್ಲ. ಆದರೆ ತೊಳೆದು, ಚೀಟಿ ಕಿತ್ತು, ಅಟ್ಟದ ಮೇಲೆ ಸಾಲಾಗಿ ಬೋರಲು ಹಾಕಿದ ಡಬ್ಬಿಗಳಲ್ಲಿ ಯಾವುದು ಯಾವ ಎಣ್ಣೆಯದು ಎಂದು ಆರು ತಿಂಗಳಾದ ಮೇಲೆ ನಿಮ್ಮ ಅತ್ತೆಯವರಿಗೂ ನೆನಪಿರುವುದಿಲ್ಲ. ಹಾಗಾಗಿ ನೀವು ಕೇಳದ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಬಚ್ಚಲಿನ ಆ ಚೆಂಬು ಹೊಲದ ಎಣ್ಣೆಯದಾಗಿದ್ದರೆ ಇವತ್ತೇ ಹೊರಗೆ ಹಾಕಿ. ಹಿಂಡಿ ಅಳೆಯುವುದೂ ಅಂಥದ್ದೇ ಆಗಿದ್ದರೆ ಅದನ್ನೂ. ಯಾವುದೆಂದು ಗೊತ್ತಾಗದಿದ್ದರೆ ಹೊಲದ್ದೇ ಎಂದುಕೊಳ್ಳಿ.

ಗೃಹ ವಿಜ್ಞಾನದ ತರಬೇತಿಗೆಂದು ನಾನು ಇಪ್ಪತ್ತು ವರ್ಷದಿಂದ ಈ ಮೂರು ಜಿಲ್ಲೆಯ ಹಳ್ಳಿಗಳಿಗೆ ಹೋಗುತ್ತಿದ್ದೇನೆ. ಒಮ್ಮೆ ಮಸ್ಕಿ ಕಡೆಯ ಹಳ್ಳಿಯಲ್ಲಿ "ನಿಮ್ಮ ಮನೆಯಲ್ಲಿ ಮರುಬಳಕೆ ಮಾಡುವ ಒಂದೊಂದು ಡಬ್ಬಿ ತನ್ನಿ" ಎಂದಿದ್ದೆ. ಒಬ್ಬ ಅವ್ವ ಗುರೆಳ್ಳು ಪುಡಿ ತುಂಬಿದ್ದ ಬಿಳಿ ಡಬ್ಬಿ ತಂದರು. ಬಲು ಸ್ವಚ್ಛ ಡಬ್ಬಿ. ಮುಚ್ಚಳ ಬಿಗಿಯಾಗಿತ್ತು, ಮೈಯೆಲ್ಲ ತಿಕ್ಕಿ ಹೊಳಪು ಬಂದಿತ್ತು. ಬೆಳಕಿಗೆ ತಿರುಗಿಸಿ ನೋಡಿದರೆ ಚೀಟಿ ಕಿತ್ತ ಜಾಗದಲ್ಲಿ ಅಂಟು ಉಳಿದಿತ್ತು. ಆ ಅಂಟಿಗೆ ಕಚ್ಚಿಕೊಂಡು ಉಗುರಿನಷ್ಟು ಕಾಗದ, ಅದರಲ್ಲಿ ಹಳದಿ ಮೂಲೆಯೊಂದು. ಕೀಟನಾಶಕದ ಡಬ್ಬಿ ಎನ್ನಲು ಅಷ್ಟು ಸಾಕಾಯಿತು. "ಬೂದಿ ಹಾಕಿ ಮೂರು ಸಲ ತಿಕ್ಕೀನ್ರಿ, ವಾಸನಿನೂ ಇಲ್ಲ" ಅಂದರು ಅವರು. ಸುಳ್ಳಲ್ಲ, ವಾಸನೆ ಇರಲಿಲ್ಲ. ಆ ಪುಡಿಯನ್ನು ಗುಂಡಿ ತೋಡಿ ಮುಚ್ಚಿಸಿದೆವು. ಅವರ ಮುಖ ಸಣ್ಣದಾದದ್ದು ನನಗೆ ಇನ್ನೂ ನೆನಪಿದೆ. ಮನೆಮಂದಿಗೆಂದು ಎರಡು ಸೇರು ಗುರೆಳ್ಳು ಹುರಿದು ಕುಟ್ಟಿದ ಪುಡಿ ಅದು.

ತೊಳೆದರೆ ಯಾಕೆ ಹೋಗುವುದಿಲ್ಲ? ದ್ರವರೂಪದ ಕೀಟನಾಶಕಗಳಲ್ಲಿ ಬಹಳಷ್ಟು ನೀರಿನಲ್ಲಿ ಕರಗುವಂಥವಲ್ಲ. ಅವನ್ನು ಒಂದು ದ್ರಾವಕದಲ್ಲಿ ಕರಗಿಸಿ, ನೀರಿಗೆ ಹಾಕಿದಾಗ ಹಾಲಿನ ಹಾಗೆ ಬೆರೆಯಲೆಂದು ಇನ್ನೊಂದು ಪದಾರ್ಥ ಸೇರಿಸಿರುತ್ತಾರೆ. ಔಷಧಿ ಹೊಡೆಯುವ ಪಂಪಿಗೆ ಹಾಕಿದಾಗ ನೀರು ಬೆಳ್ಳಗಾಗುವುದನ್ನು ನೀವು ನೋಡಿರುತ್ತೀರಿ. ಆ ದ್ರಾವಕ ಪ್ಲಾಸ್ಟಿಕ್ಕಿನ ಮೇಲೆ ಕೂತಿರುವುದಿಲ್ಲ, ಅದರ ಗೋಡೆಯೊಳಗೆ ಇಳಿಯುತ್ತದೆ, ಜೊತೆಗೆ ವಿಷವನ್ನೂ ಒಯ್ಯುತ್ತದೆ. ಸ್ಟೀಲ್ ಪಾತ್ರೆ ತೊಳೆದ ಹಾಗಲ್ಲ ಇದು. ಅರಿಷಿಣದ ಕಲೆ ಪ್ಲಾಸ್ಟಿಕ್ ಡಬ್ಬಿಗೆ ಹತ್ತಿದರೆ ಎಷ್ಟು ತಿಕ್ಕಿದರೂ ಹೋಗದಲ್ಲ, ಅದೇ ರೀತಿ. ಅರಿಷಿಣ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಮುಚ್ಚಳದ ತಿರುಪಿನ ಸಂದಿ, ಟೊಳ್ಳು ಹಿಡಿಕೆ, ಅಲ್ಲೂ ಹನಿ ಉಳಿದಿರುತ್ತದೆ. ಸೀಗೇಕಾಯಿ, ಹುಣಸೆಹಣ್ಣು, ಬೂದಿ, ಕುದಿನೀರು, ಯಾವುದೂ ಅದನ್ನು ಪೂರ್ತಿ ಎಳೆದು ತೆಗೆಯಲಾರದು. ಮುಂದೆ ಆ ಡಬ್ಬಿಗೆ ಬಿಸಿನೀರನ್ನೋ ಎಣ್ಣೆ ಪದಾರ್ಥವನ್ನೋ ಹಾಕಿದಾಗ ಅದು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ.

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಹಿಂದೆ ಕೀಟನಾಶಕ ಇಟ್ಟಿದ್ದ ಡಬ್ಬಿಗೆ ಆ ಎಣ್ಣೆ ತುಂಬಿದ್ದರು ಎಂಬುದು ಆಗ ಹೊರಬಂದ ವಿಷಯ. ಆ ಔಷಧಿಯ ಹೆಸರು ನಮ್ಮ ಹತ್ತಿ ಹೊಲದವರಿಗೆ ಹೊಸದಲ್ಲ.

ಕೀಟನಾಶಕ ಡಬ್ಬಿಯನ್ನು ಗುರುತು ಹಿಡಿಯಲು ಚೀಟಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದಂಥ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ನಿರಪಾಯ ಎಂದು ಬಹಳ ಜನ ತಿಳಿದಿದ್ದಾರೆ. ಟ್ರಾಫಿಕ್ ದೀಪದ ಹಸಿರಲ್ಲ ಅದು. ನಾಲ್ಕರಲ್ಲಿ ಕಡಿಮೆ ವಿಷ ಎಂದಷ್ಟೇ ಅದರ ಅರ್ಥ, ನಾಲ್ಕೂ ಮನೆಯೊಳಗೆ ಬರಬಾರದಂಥವೇ.

ಹಾಗಾದರೆ ಆ ಡಬ್ಬಿಯನ್ನು ಏನು ಮಾಡುವುದು? ಕೆಲಸ ಹೊಲದಲ್ಲೇ ಮುಗಿಯಬೇಕು, ಮನೆಗೆ ಬರಲೇಬಾರದು. ಪಂಪಿಗೆ ಔಷಧಿ ಸುರಿದ ಮೇಲೆ ಡಬ್ಬಿಯ ಕಾಲುಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಚೆನ್ನಾಗಿ ಕುಲುಕಿ, ಆ ನೀರನ್ನೂ ಪಂಪಿಗೇ ಸುರಿಯಬೇಕು. ಹೀಗೆ ಮೂರು ಸಲ. ನಿಮ್ಮ ಮಾವನವರಿಗೋ ಯಜಮಾನರಿಗೋ ಇದನ್ನು ಹೇಳುವಾಗ ರೊಕ್ಕದ ಮಾತಿನಿಂದ ಶುರು ಮಾಡಿ. ತಳಕ್ಕೆ ಅಂಟಿದ ಔಷಧಿಗೂ ಅವರು ದುಡ್ಡು ಕೊಟ್ಟಿರುತ್ತಾರೆ, ಅದು ಬೆಳೆಗೇ ಬೀಳುತ್ತದೆ. ಆಮೇಲೆ ಕುಡುಗೋಲಿನ ತುದಿಯಿಂದ ಡಬ್ಬಿಗೆ ನಾಲ್ಕೈದು ಕಡೆ ತೂತು ಮಾಡಿ, ತುಳಿದು ಚಪ್ಪಟೆ ಮಾಡಬೇಕು. ಕೀಟನಾಶಕಗಳ 1971ರ ನಿಯಮ ಹೇಳುವುದೂ ಇದನ್ನೇ. ಖಾಲಿ ಡಬ್ಬಿಯನ್ನು ಇನ್ನೊಬ್ಬರು ಬಳಸದ ಹಾಗೆ ಒಡೆದು, ಜನವಸತಿಯಿಂದ ದೂರ ಹೂಳಬೇಕು. ಕಾಲುವೆ, ಕೆರೆ, ಬಾವಿ, ಬೋರಿನ ಹತ್ತಿರ ಅಲ್ಲ. ಕೆಲವು ಕಡೆ ಮಾರಿದ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ, ಕೇಳಿ ನೋಡಿ. ಸುಡುವುದು ಬೇಡ, ಆ ಹೊಗೆ ಕುಡಿಯುವುದು ನೀವೇ. ಮೂರು ಸಲ ತೊಳೆದಾಯಿತಲ್ಲ, ಇನ್ನು ಬಳಸಬಹುದೇ ಎಂದು ಪ್ರತಿ ಸಭೆಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಇಲ್ಲ. ಆ ತೊಳೆಯುವುದು ಡಬ್ಬಿಯನ್ನು ಅಪಾಯ ಕಡಿಮೆ ಮಾಡಿ ಒಗೆಯಲಿಕ್ಕೆ, ಅನ್ನ ಇಡಲಿಕ್ಕಲ್ಲ.

ಇದರ ಉಲ್ಟಾ ಅಪಾಯ ಇನ್ನೂ ಹೆಚ್ಚು ಕಾಣುತ್ತೇನೆ. ತಿನ್ನುವ ಕುಡಿಯುವ ಪದಾರ್ಥದ ಬಾಟಲಿಗೆ ವಿಷ ತುಂಬಿಡುವುದು. ಪಕ್ಕದ ಹೊಲದವರಿಗೆ ಅರ್ಧ ಲೀಟರ್ ಕಳೆನಾಶಕ ಬೇಕು, ತಂಪು ಪಾನೀಯದ ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ, ಅದು ಬಂದು ದನದ ಕೊಟ್ಟಿಗೆಯ ಗೂಡಿನಲ್ಲಿ ಕೂರುತ್ತದೆ. ಸೀಮೆಎಣ್ಣೆ, ಥಿನ್ನರ್, ಫಿನೈಲ್, ಪಾಯಿಖಾನೆ ತೊಳೆಯುವ ಆಸಿಡ್, ಎಲ್ಲಕ್ಕೂ ಅದೇ ನೀರಿನ ಬಾಟಲಿ. ನಿಮ್ಮ ನಾಲ್ಕು ವರ್ಷದ ಮಗನಿಗೆ ಅಕ್ಷರ ಬಾರದು. ಅವನು ಬಾಟಲಿಯನ್ನು ಗುರುತಿಸುವುದು ಆಕಾರದಿಂದ, ಮುಚ್ಚಳದ ಬಣ್ಣದಿಂದ. ಹೋದ ಜಾತ್ರೆಯಲ್ಲಿ ಅಪ್ಪ ಕೊಡಿಸಿದ ಸಿಹಿನೀರಿನ ಬಾಟಲಿ ಅಂಥದ್ದೇ ಇತ್ತು, ಅಷ್ಟೇ ಅವನಿಗೆ ಗೊತ್ತು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಒಂದು ಗುಟುಕು ಸಾಕು ಶ್ವಾಸಕೋಶ ಕೆಡಲು. ದೊಡ್ಡವರೂ ಕತ್ತಲಲ್ಲಿ ನೀರೆಂದು ಎತ್ತಿದ್ದಾರೆ. ಔಷಧಿ ಯಾವ ಡಬ್ಬಿಯಲ್ಲಿ ಬಂತೋ ಆ ಡಬ್ಬಿಯಲ್ಲೇ, ಚೀಟಿ ಸಹಿತ, ಬೀಗದೊಳಗೆ ಇರಲಿ. ಹಂಚಿಕೊಳ್ಳಬೇಕಾದರೆ ಹೊಲದಲ್ಲಿ ಅವರ ಪಂಪಿಗೇ ಅಳೆದು ಹಾಕಿ.

ಅಕಸ್ಮಾತ್ ಮಗು ಏನಾದರೂ ಕುಡಿದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಸಿಡ್ ಮೇಲೆ ಬರುವಾಗ ಗಂಟಲನ್ನು ಎರಡನೇ ಸಲ ಸುಡುತ್ತದೆ. 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ. ಆ ಬಾಟಲಿಯನ್ನೂ ಚೀಟಿಯನ್ನೂ ಜೊತೆಗೇ ಒಯ್ಯಿರಿ. ಯಾವ ವಿಷ ಎಂದು ಗೊತ್ತಾದರೆ ಡಾಕ್ಟರಿಗೆ ಅರ್ಧ ದಾರಿ ಸವೆದ ಹಾಗೆ.

ಇನ್ನು ನಿಮ್ಮ ಮೊಬೈಲಿನ ಮಾತಿಗೆ ಬರೋಣ. ತಳದ ತ್ರಿಕೋನದ ನಂಬರ್ ಸುರಕ್ಷತೆಯ ಅಂಕವಲ್ಲ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದ ಗುರುತು ಅದು, ಕರಗಿಸಿ ಮತ್ತೆ ಬಳಸುವವರು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಬೇರೆ ಮಾಡಲೆಂದು. 1 ಎಂದರೆ ಪೆಟ್, ನಿಮ್ಮ ನೀರಿನ ಬಾಟಲಿ. 2 ಎಂದರೆ ಗಟ್ಟಿ ಪಾಲಿಥೀನ್, ಡ್ರಮ್ಮು, ಕ್ಯಾನು. 3 ಪಿವಿಸಿ, ಪೈಪು. 4 ಮೆತ್ತನೆಯ ಪಾಲಿಥೀನ್, ಹಾಲಿನ ಪಾಕೀಟು. 5 ಪಾಲಿಪ್ರೊಪಿಲೀನ್, ಐಸ್‌ಕ್ರೀಮ್ ಡಬ್ಬಿ. 6 ಥರ್ಮಾಕೋಲಿನ ಜಾತಿ. 7 ಉಳಿದದ್ದೆಲ್ಲ. ಹಾಲಿನ ಕ್ಯಾನಿನ ತಳದಲ್ಲೂ 2 ಇರಬಹುದು, ಕೀಟನಾಶಕದ ಡಬ್ಬಿಯ ತಳದಲ್ಲೂ ಅದೇ 2 ಇರಬಹುದು. "2 ಒಳ್ಳೇದು" ಎಂದು ಕಂಠಪಾಠ ಮಾಡಿದವರು ಇಲ್ಲಿಯೇ ಮೋಸ ಹೋಗುವುದು. ನಂಬರಿಗಿಂತ ಉಪಯೋಗದ ಗುರುತು ಇನ್ನೊಂದಿದೆ, ಲೋಟ ಮತ್ತು ಮುಳ್ಳುಚಮಚದ ಚಿತ್ರ. ಊಟದ ಪದಾರ್ಥಕ್ಕೆಂದು ಮಾಡಿದ ಡಬ್ಬಿ ಎಂದು ಅದರ ಅರ್ಥ. ಅದಕ್ಕಿಂತಲೂ ಮುಖ್ಯ, ಆ ಡಬ್ಬಿಯೊಳಗೆ ಮೊದಲು ಏನಿತ್ತು, ಈಗ ಏನು ಹಾಕುತ್ತೀರಿ ಎಂಬುದು.

ಬಿಸಿಲಿನ ಬಾಟಲಿ ಕ್ಯಾನ್ಸರ್ ತರುತ್ತದೆ ಎಂಬ ಮಾತಿನಲ್ಲಿ ಒಂದು ಹಿಡಿ ನಿಜ ಇದೆ, ಒಂದು ಮೂಟೆ ಭಯ ಇದೆ. ಪೆಟ್ ತಯಾರಿಸುವಾಗ ಆಂಟಿಮನಿ ಎಂಬ ಲೋಹದ ಸಂಯುಕ್ತವನ್ನು ಬಳಸುತ್ತಾರೆ. ಅದರ ಅತ್ಯಲ್ಪ ಅಂಶ ನೀರಿಗೆ ಇಳಿಯುತ್ತದೆ, ಕಾವು ಹೆಚ್ಚಿದಷ್ಟೂ ದಿನ ಹೆಚ್ಚಿದಷ್ಟೂ ಹೆಚ್ಚು. ಹಾಗೆಂದು ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿಟ್ಟು ಸಂಜೆ ಕುಡಿದ ಬಾಟಲಿಯಿಂದ ಕ್ಯಾನ್ಸರ್ ಬರುವುದಿಲ್ಲ. ಅಂಗಡಿಯ ಮುಂದೆ ಏಪ್ರಿಲ್ ಮೇ ಬಿಸಿಲಿಗೆ ವಾರಗಟ್ಟಲೆ ಪೇರಿಸಿಟ್ಟ ಬಾಟಲಿಯನ್ನು ಬೇಡ ಎನ್ನಿ, ನಾನೂ ಹಾಗೇ ಮಾಡುತ್ತೇನೆ. ಇದೇ ಪೆಟ್ ಬಾಟಲಿಗೆ ತಿಳಿನೀರು ತುಂಬಿ ಆರು ತಾಸು ಒಳ್ಳೆ ಬಿಸಿಲಿಗೆ ಮಲಗಿಸಿ, ಅದರೊಳಗಿನ ರೋಗಾಣು ಕೊಲ್ಲುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ ಎಂದರೆ ಆಶ್ಚರ್ಯವಾದೀತು. ಮೋಡವಿದ್ದರೆ ಎರಡು ದಿನ ಬೇಕು. ರಾಡಿ ನೀರಿಗೆ ಅದು ನಡೆಯದು. ಮತ್ತೆ, ನಮ್ಮ ರಾಯಚೂರು ಕೊಪ್ಪಳದ ಬೋರುಗಳಲ್ಲಿ ಬರುವ ಫ್ಲೋರೈಡ್ ಬಿಸಿಲಿಗೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಅದಕ್ಕೆ ಶುದ್ಧೀಕರಣ ಘಟಕದ ನೀರೇ ಗತಿ.

ಫ್ರಿಜ್ಜಿನಲ್ಲಿ ಬಾಟಲಿ ಹೆಪ್ಪುಗಟ್ಟಿಸಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎಂಬ ಸಂದೇಶವೂ ನಿಮಗೆ ಬಂದಿರಬಹುದು. ಅದು ಸುಳ್ಳು. ಡಯಾಕ್ಸಿನ್ ಹುಟ್ಟುವುದು ತಂಪಿನಲ್ಲಲ್ಲ, ಬೆಂಕಿಯಲ್ಲಿ. ತುಂಡು ಪೈಪು, ವೈರು, ಚಪ್ಪಲಿ, ಡಬ್ಬಿ ಎಲ್ಲ ಸೇರಿಸಿ ತಿಪ್ಪೆಯ ಪಕ್ಕ ಹಚ್ಚುವ ಬೆಂಕಿಯಲ್ಲಿ ಅದು ನಿಜವಾಗಿ ಹುಟ್ಟುತ್ತದೆ. ಪಿವಿಸಿಯಲ್ಲಿರುವ ಕ್ಲೋರಿನ್ ಅದಕ್ಕೆ ಕಾರಣ. ನಿಮ್ಮ ಭಯವನ್ನು ಬಾಟಲಿಯಿಂದ ಎತ್ತಿ ಆ ಬೆಂಕಿಯ ಮೇಲೆ ಇಡಿ ಎಂದು ಕೇಳಿಕೊಳ್ಳುತ್ತೇನೆ.

ನೀರಿನ ಬಾಟಲಿಯ ನಿಜವಾದ ತೊಂದರೆ ಬೆರಳಿಗೆ ಸಿಗುತ್ತದೆ. ನಾಲ್ಕು ದಿನ ಬಳಸಿದ ಬಾಟಲಿಯ ಕುತ್ತಿಗೆಯೊಳಗೆ ಬೆರಳು ಹಾಕಿ ತಿರುವಿ, ಲೋಳೆ ಹತ್ತುತ್ತದೆ. ಬಾಯಿ ಹಚ್ಚಿ ಕುಡಿದ ಎಂಜಲು, ಕೈಯ ಕೊಳೆ, ಗೀರುಗಳಲ್ಲಿ ಬೆಳೆದ ಸೂಕ್ಷ್ಮಾಣು. ಕುದಿನೀರು ಹಾಕಿ ತೊಳೆಯೋಣವೆಂದರೆ ಪೆಟ್ 70–80 ಡಿಗ್ರಿಗೇ ಮೆತ್ತಗಾಗಿ ಮುದುಡುತ್ತದೆ. ಒಂದು ಹಿಡಿ ಅಕ್ಕಿ ನುಚ್ಚು, ಸೋಪಿನ ಉಗುರುಬೆಚ್ಚಗಿನ ನೀರು ಹಾಕಿ ಜೋರಾಗಿ ಕುಲುಕಿ ತೊಳೆಯಿರಿ. ಒಂದೆರಡು ವಾರಕ್ಕೆ ಅದನ್ನು ಕುಡಿಯುವ ಕೆಲಸದಿಂದ ಬಿಡಿಸಿ. ಮಗನಿಗೆ ಅಂಗನವಾಡಿಗೆ ಸಣ್ಣದೊಂದು ಸ್ಟೀಲ್ ಬಾಟಲಿ ಕೊಡಿಸಿ.

ಬಿಸಿ, ಎಣ್ಣೆ, ಹುಳಿ. ಈ ಮೂರು ಪ್ಲಾಸ್ಟಿಕ್ಕಿನೊಳಗಿನದನ್ನು ಎಳೆದುಕೊಳ್ಳುತ್ತವೆ. ಐಸ್‌ಕ್ರೀಮ್ ಡಬ್ಬಿ ತಣ್ಣನೆಯ ಪದಾರ್ಥಕ್ಕೆಂದು ತೆಳುವಾಗಿ ಮಾಡಿದ್ದು. ಅದರಲ್ಲಿ ಸಾಸಿವೆ, ಜೀರಿಗೆ, ಸಕ್ಕರೆ, ಒಣ ಹಪ್ಪಳ ಇಡಲು ಅಡ್ಡಿಯಿಲ್ಲ. ಕುದಿಯುವ ಸಾರು ಬೇಡ, ಕರಿದ ಮಿರ್ಚಿ ಬಿಸಿಬಿಸಿ ಹಾಕುವುದು ಬೇಡ. ಕೆಂಪು ಚಟ್ನಿ, ಉಪ್ಪಿನಕಾಯಿ ವರ್ಷಗಟ್ಟಲೆ ಇಡುವಂಥವು. ಅವಕ್ಕೆ ಅತ್ತೆಯವರ ಕಾಲದ ಪಿಂಗಾಣಿ ಜಾಡಿ ಇದ್ದರೆ ಅದನ್ನೇ ಅಟ್ಟದಿಂದ ಇಳಿಸಿ. ಶೇಂಗಾ ಚಟ್ನಿ ವಾರದಲ್ಲಿ ಮುಗಿಯುವುದಾದರೆ ಡಬ್ಬಿಯಲ್ಲಿರಲಿ. ಚಹಾ ಪಾರ್ಸೆಲ್ ಕಟ್ಟಿಕೊಡುವ ತೆಳು ಕವರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಹೊಲದ ಆಳುಗಳಿಗೆ ಚಹಾ ತರಲು ಒಂದು ಥರ್ಮಾಸ್ ಇಟ್ಟುಕೊಳ್ಳಿ.

ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನು ಒಳ್ಳೆ ಡಬ್ಬಿ. ಅದಕ್ಕೆ ಗಾಣದಿಂದ ಮತ್ತೆ ಶೇಂಗಾ ಎಣ್ಣೆಯನ್ನೋ ಕುಸುಬಿ ಎಣ್ಣೆಯನ್ನೋ ತುಂಬಿಸುವುದು ನಮ್ಮಲ್ಲಿ ರೂಢಿ. ಒಂದು ತೊಂದರೆ ಇದೆ. ಹಿಡಿಕೆಯ ಟೊಳ್ಳಿನಲ್ಲಿ ಉಳಿದ ಹಳೆ ಎಣ್ಣೆ ಕಮಟಾಗಿರುತ್ತದೆ, ಅದು ಹೊಸ ಎಣ್ಣೆಯನ್ನೂ ಬೇಗ ಕಮಟು ಮಾಡುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಮುಚ್ಚಳ ಹಾಕಿ ಒಂದು ತಾಸು ಬಿಸಿಲಿಗಿಟ್ಟು ತೆಗೆದು ಮೂಸಿ ನೋಡಿ. ವಾಸನೆ ಬಂದರೆ ಎಣ್ಣೆಗೆ ಬೇಡ. ಹಿಡಿಕೆ ಉಳಿಯುವ ಹಾಗೆ ಓರೆಯಾಗಿ ಕತ್ತರಿಸಿದರೆ ಹಿಂಡಿ, ಹೊಟ್ಟು ಮೊಗೆಯಲು ಅಷ್ಟು ಚೆಂದದ ಮೊಗೆ ಅಂಗಡಿಯಲ್ಲಿ ಸಿಗುವುದಿಲ್ಲ. ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಳ್ಳಿ, ಕೈ ಕೊಯ್ಯುತ್ತದೆ. ಹಿಂಡಿಯ ಮೊಗೆಯನ್ನು ಯೂರಿಯಾ ಎತ್ತಲು ಒಯ್ಯಬೇಡಿ. ಯೂರಿಯಾ ದನದ ಹೊಟ್ಟೆಗೆ ಹೋದರೆ ವಿಷ.

ಬಣ್ಣದ ಬಕೆಟ್ ಕುಡಿಯುವ ನೀರಿಗೂ ಹಿಟ್ಟಿಗೂ ಬೇಡ. ನೀರು ಬೆರೆಸಿ ಹಚ್ಚುವ ಗೋಡೆಯ ಬಣ್ಣ ಕೆಡದಿರಲೆಂದು ಅದಕ್ಕೆ ಸೂಕ್ಷ್ಮಾಣು ಕೊಲ್ಲುವ ಪದಾರ್ಥ ಸೇರಿಸಿರುತ್ತಾರೆ. ತಳದಲ್ಲಿ ಒಣಗಿದ ಬಣ್ಣದ ಪದರನ್ನು ಸುಲಿದು ತೆಗೆದು, ತೂತು ಹಾಕಿ, ಮಲ್ಲಿಗೆಗೋ ಕನಕಾಂಬರಕ್ಕೋ ಕುಂಡ ಮಾಡಿ.

ನನಗೆ ಬಲು ಇಷ್ಟವಾದ ಮರುಬಳಕೆ ಒಂದಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಸರು, ತೊಗರಿ, ಅಲಸಂದಿ, ಕಡಲೆ ಮನೆಗೆ ಬಂದು ಎರಡು ತಿಂಗಳಿಗೆ ಕಾಳಿಗೊಂದು ತೂತು ಬೀಳುತ್ತದಲ್ಲ, ಆ ಹುಳಕ್ಕೆ ನೀರಿನ ಬಾಟಲಿಯಷ್ಟು ಒಳ್ಳೆ ಮದ್ದು ಇನ್ನೊಂದಿಲ್ಲ. ನಮ್ಮ ಹಿರಿಯರು ಜೋಳ ಇಡುತ್ತಿದ್ದ ಹಗೇವು ನೆನಪಿದೆಯೇ? ನೆಲದೊಳಗಿನ ಆ ಕಣಜದ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಒಳಗೆ ಉಸಿರಾಡುವ ಗಾಳಿ ತೀರಿರುತ್ತಿತ್ತು. ಹುಳ ಸಾಯುತ್ತಿದ್ದದ್ದೂ ಆ ಕಾರಣಕ್ಕೇ. ಬಿಗಿ ಮುಚ್ಚಳದ ಬಾಟಲಿ ಒಂದು ಸಣ್ಣ ಹಗೇವು. ಕಾಳನ್ನು ಎರಡು ಮೂರು ದಿನ ಚೆನ್ನಾಗಿ ಒಣಗಿಸಿ, ಹಲ್ಲಿಗೆ ಕಚ್ಚಿದರೆ ಕಟ್ ಎಂದು ಒಡೆಯಬೇಕು. ಬಿಸಿಲಿನಿಂದ ಎತ್ತಿದ ಕೂಡಲೇ ತುಂಬಬೇಡಿ, ರಾತ್ರಿ ನೆರಳಲ್ಲಿ ಆರಲು ಬಿಡಿ. ಬಿಸಿ ಕಾಳು ಬಾಟಲಿಯೊಳಗೆ ಬೆವೆತು ಬೂಷ್ಟು ಹಿಡಿಯುತ್ತದೆ. ಬಾಟಲಿಯೊಳಗೆ ಒಂದು ಹನಿ ನೀರೂ ಇರಬಾರದು. ಖಾಲಿ ಬಾಟಲಿಯ ಮುಚ್ಚಳ ಬಿಗಿದು ನೀರಿನೊಳಗೆ ಒತ್ತಿ ಹಿಡಿದರೆ ಗುಳ್ಳೆ ಬರಬಾರದು, ಬಂದರೆ ಗಾಳಿ ಸೋರುತ್ತದೆ. ಕಾಳು ತುಂಬುವಾಗ ನೆಲಕ್ಕೆ ಮೆಲ್ಲಗೆ ಕುಟ್ಟುತ್ತ, ಕುತ್ತಿಗೆಯ ತನಕ, ಮೇಲೆ ಜಾಗ ಉಳಿಯದ ಹಾಗೆ ತುಂಬಿ. ಜಾಗ ಉಳಿದರೆ ಗಾಳಿ ಉಳಿಯಿತು. ಇದ್ದ ಗಾಳಿಯನ್ನು ಹುಳ, ಮರಿ ಸೇರಿ ತೀರಿಸಿ ತಾವೇ ಸಾಯುತ್ತವೆ. ಎರಡು ತಿಂಗಳು ಮುಚ್ಚಳ ಮುಟ್ಟಬೇಡಿ. ದೊಡ್ಡ ಡಬ್ಬಿಗಿಂತ ಒಂದೊಂದು ಅಥವಾ ಎರಡು ಲೀಟರಿನ ಬಾಟಲಿ ವಾಸಿ, ಒಂದು ತೆಗೆದರೆ ಉಳಿದವು ಮುಚ್ಚಿದ ಹಾಗೇ ಇರುತ್ತವೆ. ಮುಂದಿನ ಹಂಗಾಮಿನ ಬೀಜಕ್ಕೂ ಇದು ಬರುತ್ತದೆ, ತಂಪಾದ ಕತ್ತಲ ಮೂಲೆಯಲ್ಲಿಡಿ. ಇದರಲ್ಲಿ ಬೇವಿನ ಎಲೆಯೂ ಬೇಡ, ಗುಳಿಗೆಯಂತೂ ಬೇಡವೇ ಬೇಡ. ಕಾಳಿನ ಮೂಟೆಗೆ ಹಾಕುವ ಆ ಗುಳಿಗೆಯ ಗಾಳಿ ಮಲಗುವ ಮನೆಯಲ್ಲಿ ಮನುಷ್ಯರನ್ನೇ ಕೊಲ್ಲುತ್ತದೆ.

ಹಿತ್ತಲಿಗೂ ಬಾಟಲಿ ಬಳಕೆಯಾಗುತ್ತದೆ. ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಒಂದು ತೂತು, ತಳ ಕತ್ತರಿಸಿ, ಕರಿಬೇವಿನ ಸಸಿಯ ಬುಡಕ್ಕೆ ತಲೆಕೆಳಗಾಗಿ ನೆಟ್ಟು ನೀರು ತುಂಬಿದರೆ ಊರಿಗೆ ಹೋದ ಎರಡು ದಿನ ಸಸಿ ಬಾಡುವುದಿಲ್ಲ. ಹಾಲಿನ ಪಾಕೀಟು ನುಗ್ಗೆ, ಪಪ್ಪಾಯಿ ಸಸಿ ಮಾಡಲು ಹೇಳಿ ಮಾಡಿಸಿದ್ದು. ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಅರ್ಧ ಕತ್ತರಿಸಿ ತೂಗಾಡಲು ಬಿಡಿ. ಆ ಉಗುರಿನಷ್ಟು ಚೂರನ್ನು ಯಾರೂ ಆರಿಸುವುದಿಲ್ಲ, ಅದು ಮಣ್ಣಿನಲ್ಲೇ ಉಳಿಯುತ್ತದೆ. ಬಿಸಿಲಿಗೆ ಹೊರಗಿಟ್ಟ ಪ್ಲಾಸ್ಟಿಕ್ ನಮ್ಮ ಬೇಸಿಗೆಯಲ್ಲಿ ಬಹಳ ಬಾಳುವುದಿಲ್ಲ. ಯುಗಾದಿಗೆ ಗಟ್ಟಿಯಿದ್ದ ಬಿಳಿ ಕ್ಯಾನು ಎರಡು ಬೇಸಿಗೆ ಕಳೆದ ಮೇಲೆ ಹೆಬ್ಬೆರಳಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಮುರಿಯಲು ಬಿಡದೆ, ಬಣ್ಣ ಮಾಸಿ ಮೈ ಪುಡಿಪುಡಿಯಾದದ್ದು ಕಂಡ ಕೂಡಲೇ ಗುಜರಿಗೆ ಹಾಕಿ. ಆಡು ಕರು ಆ ಚೂರನ್ನು ತಿನ್ನುತ್ತವೆ. ಕಪ್ಪು ಬಣ್ಣದ್ದು ಸ್ವಲ್ಪ ಹೆಚ್ಚು ತಾಳುತ್ತದೆ, ನೆರಳಲ್ಲಿಟ್ಟರೆ ಎಲ್ಲವೂ ತಾಳುತ್ತವೆ.

ಇನ್ನು ನೀರು. ಕಾಲುವೆ ಬಂದಾದಾಗ, ನಲ್ಲಿ ನಾಲ್ಕು ದಿನಕ್ಕೊಮ್ಮೆ ಬಂದಾಗ ಮನೆ ಮುಂದೆ ಡ್ರಮ್ಮು ನಿಲ್ಲುವುದು ಸಹಜ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ನೀಲಿ ಡ್ರಮ್ಮುಗಳಲ್ಲಿ ಮೊದಲು ಏನಿತ್ತೆಂದು ಮಾರುವವರಿಗೇ ಗೊತ್ತಿರುವುದಿಲ್ಲ. ಬಟ್ಟೆಗೆ ಬಣ್ಣ ಹಾಕುವ ರಸಾಯನವೋ, ಕಾರ್ಖಾನೆಯ ಆಸಿಡ್ಡೋ. ಗೊತ್ತಿಲ್ಲದ ಡ್ರಮ್ಮನ್ನು ಮನುಷ್ಯರ, ದನಗಳ ಕುಡಿಯುವ ನೀರಿಗೆ ಇಡಬೇಡಿ, ಕಟ್ಟಡದ ಕೆಲಸಕ್ಕೆ ಕೊಡಿ. ಒಳ್ಳೆಯ ಡ್ರಮ್ಮನ್ನೂ ವಾರಕ್ಕೊಮ್ಮೆ ಪೂರ್ತಿ ಬಗ್ಗಿಸಿ, ತೆಂಗಿನ ನಾರಿನಿಂದ ಒಳಗೋಡೆ ತಿಕ್ಕಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಡೆಂಗಿ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ, ಅದು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತಾಗಿದಾಗ ಮರಿಯಾಗುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ಎನ್ನುವುದು. 2024ರಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು ನಿಮಗೆ ತಿಳಿದಿರಬಹುದು. ಮಾಳಿಗೆಯ ಮೇಲೆ "ಬೇಕಾದೀತು" ಎಂದಿಟ್ಟ ಖಾಲಿ ಡಬ್ಬಿಗಳು ಮಳೆಗಾಲದಲ್ಲಿ ಬೋರಲು ಇರಲಿ, ಇಲ್ಲವೇ ಸೂರಿನ ಕೆಳಗೆ ಬರಲಿ.

ಈಗ ಅತ್ತೆಯವರ ವಿಷಯ. ಎಲ್ಲವನ್ನೂ ಗುಜರಿಗೆ ಹಾಕಬೇಡಿ. ಅವರು ಮಾಡುತ್ತಿರುವುದು ಒಳ್ಳೆಯ ಕೆಲಸ, ಅದರಲ್ಲಿ ಒಂದು ಕೂಡಿಕೆ ಮಾತ್ರ ತಪ್ಪಿದೆ. ಒಂದು ಮಧ್ಯಾಹ್ನ ಅಟ್ಟದಿಂದ ಎಲ್ಲ ಇಳಿಸಿ ಅಂಗಳದಲ್ಲಿ ಹರಡಿ, ಇಬ್ಬರೂ ಕೂತು ನೋಡಿ. ಹೊಲದ್ದು, ಯಾವುದೆಂದು ಗೊತ್ತಿಲ್ಲದ್ದು ಒಂದು ಕಡೆ, ಅವುಗಳನ್ನು ಅಲ್ಲೇ ಕುಡುಗೋಲಿನಿಂದ ತೂತು ಮಾಡಿಬಿಡಿ, ಇಲ್ಲದಿದ್ದರೆ ನಾಳೆ ಮತ್ತೆ ಅಟ್ಟ ಹತ್ತುತ್ತವೆ. ಕೈಗೆ ಕವರ್ ಕಟ್ಟಿಕೊಳ್ಳಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಮಗನನ್ನು ಹತ್ತಿರ ಬಿಡಬೇಡಿ. ಉಳಿದದ್ದಕ್ಕೆ ನಾನು ಹಳ್ಳಿಗಳಲ್ಲಿ ಹೇಳುವ ಲೆಕ್ಕ ಇಷ್ಟು: 'ಡಬ್ಬಿ ಇಳಿಯಬಹುದು, ಹತ್ತಬಾರದು'. ಅಡುಗೆಮನೆಯದು ಬಚ್ಚಲಿಗೆ ಹೋಗಲಿ, ಬಚ್ಚಲಿನದು ಹಿತ್ತಲಿಗೆ, ಹಿತ್ತಲಿನದು ಗುಜರಿಗೆ. ಹಿತ್ತಲಿನದು ಅಡುಗೆಮನೆಗೆ ಮರಳಬಾರದು. ಅಡುಗೆಮನೆಯಿಂದ ಇಳಿದ ಡಬ್ಬಿಯ ಕುತ್ತಿಗೆಗೆ ಕೆಂಪು ದಾರ ಕಟ್ಟಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಅಕ್ಷರ ಬಾರದವರಿಗೂ.

ಅವರ ಹತ್ತಿರ ಮಾತು ತೆಗೆಯುವಾಗ ಕ್ಯಾನ್ಸರಿನಿಂದ ತೆಗೆಯಬೇಡಿ, ಹಗೇವಿನಿಂದ ತೆಗೆಯಿರಿ. ಅವರ ತವರುಮನೆಯಲ್ಲಿ ಹಗೇವು ಇತ್ತೋ, ದೀಪ ಇಳಿಬಿಡುತ್ತಿದ್ದವರು ಯಾರು ಎಂದು ಕೇಳಿ. ಈ ಸಲದ ಹೆಸರನ್ನು ಬಾಟಲಿಗೆ ತುಂಬುವ ಕೆಲಸ ಅವರ ಕೈಗೇ ಕೊಡಿ. ಕಾಳು ಒಣಗಿದೆಯೋ ಇಲ್ಲವೋ ಎಂಬುದು ಅವರ ಹಲ್ಲಿಗೆ ನಿಮಗಿಂತ ಚೆನ್ನಾಗಿ ಗೊತ್ತಾಗುತ್ತದೆ.